ಬೈಕ್‌ನ ಹಿಂದಿನ ಲೈಟ್ ನೋಡೋರು ಯಾರು? ಪೀಣ್ಯದಿಂದ ಎಲೆಕ್ಟ್ರಾನಿಕ್ ಸಿಟಿವರೆಗೆ ವೈರಿಂಗ್ ಎಡವಟ್ಟಿನ ಲೆಕ್ಕ

ರಾತ್ರಿ ಹತ್ತರ ಪಾಳಿ ಬಿಟ್ಟ ಮೇಲೆ ಪೀಣ್ಯ ಎರಡನೇ ಹಂತದ ಒಳರಸ್ತೆಗಳಿಂದ ಬೈಕ್‌ಗಳು ಸಾಲಾಗಿ ತುಮಕೂರು ರಸ್ತೆ ಕಡೆಗೆ ಬರ್ತವೆ. ಜಾಲಹಳ್ಳಿ ಕ್ರಾಸ್, ದಾಸರಹಳ್ಳಿ, ಎಂಟನೇ ಮೈಲಿ, ಅಲ್ಲಿಂದ ಮುಂದೆ ನೆಲಮಂಗಲ. ಮುಂದೆ ಲಾರಿ, ಹಿಂದೆ ಬಸ್ಸು, ನಡುವೆ ದಿನವಿಡೀ ದುಡಿದು ದಣಿದ ಜನ. ಆ ಸಾಲನ್ನು ಹಿಂದಿನಿಂದ ಐದು ನಿಮಿಷ ಗಮನಿಸಿದರೆ ಸಾಕು. ಒಂದು ಬೈಕ್‌ಗೆ ಟೈಲ್ ಲೈಟೇ ಇಲ್ಲ. ಇನ್ನೊಂದರಲ್ಲಿ ಬ್ರೇಕ್ ಹಿಡಿದರೂ ಬಿಟ್ಟರೂ ಕೆಂಪು ದೀಪ ಒಂದೇ ಸಮ ಉರೀತಾ ಇರುತ್ತೆ. ಮತ್ತೊಂದರಲ್ಲಿ ಇಂಡಿಕೇಟರ್ ಪಟಪಟ ಅಂತ ಎಣಿಸೋಕೂ ಆಗದಷ್ಟು ಜೋರಾಗಿ ಮಿನುಗುತ್ತೆ. ಇನ್ಯಾವುದೋ ಗಾಡಿಯಲ್ಲಿ ಎಡಕ್ಕೆ ಸಿಗ್ನಲ್ ಕೊಟ್ಟರೆ ನಾಲ್ಕೂ ಇಂಡಿಕೇಟರ್ ಒಟ್ಟಿಗೆ ಹೊತ್ತಿಕೊಳ್ಳುತ್ತೆ.

ಬೊಮ್ಮಸಂದ್ರ, ಜಿಗಣಿ ಕಡೆಯಿಂದ ಹೊಸೂರು ರಸ್ತೆಗೆ ಸೇರುವ ಗಾಡಿಗಳ ಕಥೆಯೂ ಇದೇ. ವೈಟ್‌ಫೀಲ್ಡ್‌ನ ಹೋಪ್ ಫಾರ್ಮ್ ಸರ್ಕಲ್, ಕಾಡುಗೋಡಿ, ಹೂಡಿ ಸುತ್ತಮುತ್ತ ಊಟದ ಡೆಲಿವರಿಗೆ ಓಡಾಡುವ ಬೈಕ್‌ಗಳದ್ದೂ ಇದೇ. ಇವೆಲ್ಲಾ ಹಳೇ ಗಾಡಿಗಳು ಅಂದುಕೊಂಡರೆ ತಪ್ಪಾಗುತ್ತೆ. ಎರಡು ಮೂರು ವರ್ಷದ ಹೊಸ ಬೈಕ್‌ಗಳಲ್ಲೂ ಹಿಂದಿನ ಮಡ್‌ಗಾರ್ಡ್ ಬಿಚ್ಚಿ, ಕಂಪನಿ ಇಂಡಿಕೇಟರ್ ತೆಗೆದು, ಬೆರಳುದ್ದದ ಎಲ್‌ಇಡಿ ಪಟ್ಟಿ ಅಂಟಿಸಿರುತ್ತಾರೆ. ಒಳಗೆ ವೈರ್ ಕತ್ತರಿಸಿ, ತಿರುಚಿ, ಕಪ್ಪು ಟೇಪ್ ಸುತ್ತಿರುತ್ತಾರೆ. ಮೊದಲ ಮಳೆವರೆಗೆ ಎಲ್ಲಾ ಚೆನ್ನಾಗಿರುತ್ತೆ.

ಲೈಟ್ ಸಣ್ಣ ವಿಷಯ ಅನ್ನಿಸಬಹುದು. ಆದರೆ ಕೇಂದ್ರ ಸಾರಿಗೆ ಸಚಿವಾಲಯದ ವರದಿ ಪ್ರಕಾರ 2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಮಂದಿ. ಅವರಲ್ಲಿ ಶೇ 44.5ರಷ್ಟು ಜನ ದ್ವಿಚಕ್ರ ವಾಹನದಲ್ಲಿ ಹೋಗುತ್ತಿದ್ದವರು. ಒಟ್ಟು ಅಪಘಾತಗಳಲ್ಲಿ ಸುಮಾರು ಐದಕ್ಕೆ ಒಂದು ಹಿಂದಿನಿಂದ ಗುದ್ದಿ ಆದದ್ದು. ಅವೆಲ್ಲವೂ ಲೈಟ್ ಇಲ್ಲದ್ದಕ್ಕೇ ಆದವು ಅಂತಲ್ಲ. ಆದರೆ ಹಿಂದಿನಿಂದ ಬರುವವನಿಗೆ ಮುಂದಿನವನ ಮನಸ್ಸಿನಲ್ಲಿ ಏನಿದೆ ಅಂತ ತಿಳಿಯೋ ದಾರಿ ಇರೋದು ಆ ಎರಡು ದೀಪಗಳಿಂದ ಮಾತ್ರ. ಗಂಟೆಗೆ 40 ಕಿ.ಮೀ. ವೇಗದಲ್ಲಿ ಬರುವ ಗಾಡಿ ಒಂದು ಸೆಕೆಂಡಿಗೆ ಸುಮಾರು 11 ಮೀಟರ್ ಮುಂದೆ ಬಂದಿರುತ್ತೆ. ಮುಂದಿನ ಬೈಕ್ ನಿಲ್ತಿದೆ ಅಂತ ಹಿಂದಿನ ಲಾರಿ ಚಾಲಕನಿಗೆ ಒಂದು ಸೆಕೆಂಡ್ ತಡವಾಗಿ ಗೊತ್ತಾದರೆ, ಆ 11 ಮೀಟರ್ ಹೋದ ಹಾಗೆಯೇ.

ಯಾರ ಕಣ್ಣಿಗೂ ಬೀಳದ ಜಾಗ

ಹೆಡ್‌ಲೈಟ್ ಕೆಟ್ಟರೆ ಓಡಿಸುವವನಿಗೆ ತಕ್ಷಣ ಗೊತ್ತಾಗುತ್ತೆ, ರಸ್ತೆ ಕಾಣಲ್ಲ. ಹಾರ್ನ್ ಕೆಟ್ಟರೆ ಮೊದಲ ತಿರುವಿನಲ್ಲೇ ಗೊತ್ತಾಗುತ್ತೆ. ಬ್ರೇಕ್ ಲೈಟ್ ಕೆಟ್ಟರೆ? ತಿಂಗಳುಗಟ್ಟಲೆ ಗೊತ್ತಾಗಲ್ಲ. ಸಿಗ್ನಲ್‌ನಲ್ಲಿ ಪಕ್ಕಕ್ಕೆ ಬಂದ ಯಾರಾದರೂ ಪುಣ್ಯಾತ್ಮರು "ಅಣ್ಣಾ, ನಿಮ್ ಬ್ರೇಕ್ ಲೈಟ್ ಉರೀತಿಲ್ಲ ನೋಡಿ" ಅಂದರೆ ಉಂಟು. ಅಂದರೂ "ಹೌದಾ, ನೋಡ್ತೀನಿ" ಅಂತ ತಲೆ ಆಡಿಸಿ, ಮನೆ ಸೇರುವಷ್ಟರಲ್ಲಿ ಮರೆತುಬಿಡೋದೇ ಜಾಸ್ತಿ.

ಸರ್ಕಾರದ ವ್ಯವಸ್ಥೆಯಾದರೂ ನೋಡುತ್ತಾ? ಒಂದೊಂದಾಗಿ ಲೆಕ್ಕ ಹಾಕಿದರೆ ಎಲ್ಲಿಯೂ ಸಿಗಲ್ಲ. ಸ್ವಂತ ಬಳಕೆಯ ಬೈಕ್‌ಗೆ ನೋಂದಣಿ ಆದ ದಿನದಿಂದ 15 ವರ್ಷ ಆರ್‌ಟಿಒ ಕಚೇರಿಯಲ್ಲಿ ಯಾವ ತಪಾಸಣೆಯೂ ಇಲ್ಲ. ಎಲೆಕ್ಟ್ರಾನಿಕ್ ಸಿಟಿಯ ಕೆಎ-51 ಆಗಲಿ, ಕೆ.ಆರ್. ಪುರದ ಕೆಎ-53 ಆಗಲಿ, ನೆಲಮಂಗಲದ ಕೆಎ-52 ಆಗಲಿ, ನಿಯಮ ಎಲ್ಲಾ ಕಡೆ ಒಂದೇ. ಲಾರಿ, ಆಟೊಗಳಿಗೆ ಎಫ್‌ಸಿ ಅಂತ ಇದೆ. ಬೈಕ್‌ಗೆ 15 ವರ್ಷ ತುಂಬಿ ಮರುನೋಂದಣಿಗೆ ಬಂದಾಗಲೇ ಅಧಿಕಾರಿ ಗಾಡಿ ನೋಡೋದು. ಎಮಿಷನ್ ಟೆಸ್ಟ್ ಮಾಡಿಸ್ತೀವಲ್ಲ ಅನ್ನಬಹುದು. ಅಲ್ಲಿ ಸೈಲೆನ್ಸರ್‌ಗೆ ಪೈಪ್ ತೂರಿಸಿ ಹೊಗೆ ನೋಡ್ತಾರೆ, ಅದೇ ಸೈಲೆನ್ಸರ್ ಮೇಲಿರುವ ಲೈಟ್ ನೋಡಲ್ಲ.

ಇನ್ನು ಕ್ಯಾಮೆರಾ. 2022ರ ಡಿಸೆಂಬರ್‌ನಲ್ಲಿ ಬೆಂಗಳೂರಿನ 50 ಜಂಕ್ಷನ್‌ಗಳಲ್ಲಿ ಬಂದ ಹೊಸ ಸಂಚಾರ ಕ್ಯಾಮೆರಾ ವ್ಯವಸ್ಥೆ ಹೆಲ್ಮೆಟ್ ಹಾಕದಿರುವುದು, ತ್ರಿಬಲ್ ರೈಡಿಂಗ್, ಸಿಗ್ನಲ್ ಜಂಪ್, ಸ್ಟಾಪ್ ಲೈನ್ ದಾಟುವುದು ಇಂಥವನ್ನು ಹಿಡಿಯುತ್ತೆ. ಬ್ರೇಕ್ ಹಿಡಿದಾಗ ಲೈಟ್ ಹೊತ್ತಿತಾ ಅನ್ನುವುದು ಅದರ ಪಟ್ಟಿಯಲ್ಲಿಲ್ಲ. 2023ರ ಆಗಸ್ಟ್‌ನಲ್ಲಿ ಹಳೇ ಗಾಡಿಗಳಿಗೆಲ್ಲಾ ಎಚ್‌ಎಸ್‌ಆರ್‌ಪಿ ಪ್ಲೇಟ್ ಕಡ್ಡಾಯ ಅಂತ ಅಧಿಸೂಚನೆ ಬಂತು. ಗಡುವಿನ ಮೇಲೆ ಗಡುವು ಮುಂದಕ್ಕೆ ಹೋಯಿತು, ಲಕ್ಷಾಂತರ ಜನ ಶೋರೂಂಗಳ ಮುಂದೆ ಸಾಲು ನಿಂತು ಹೊಸ ಪ್ಲೇಟ್ ಹಾಕಿಸಿಕೊಂಡರು. ಪ್ಲೇಟ್ ಕೂರಿಸಿದ ಜಾಗಕ್ಕಿಂತ ಒಂದು ಗೇಣು ಮೇಲೆ ಇದ್ದ ಬಲ್ಬ್ ಉರಿಯುತ್ತಾ ಅಂತ ನೋಡೋದು ಆ ಕೆಲಸದಲ್ಲಿ ಸೇರಿರಲಿಲ್ಲ.

2024ರ ಜುಲೈ 1ರಿಂದ ರಾಜ್ಯದ ಪೊಲೀಸರು ಕಣ್ಣು ಕುಕ್ಕುವ ಎಲ್‌ಇಡಿ ಹೆಡ್‌ಲೈಟ್‌ಗಳ ಮೇಲೆ ಕೇಸ್ ಹಾಕಲು ಶುರು ಮಾಡಿದರು. ಒಳ್ಳೆಯ ಕೆಲಸ, ಎದುರಿನಿಂದ ಬರುವವರಿಗೆ ಕಣ್ಣು ಕತ್ತಲಾಗುವುದು ತಪ್ಪಬೇಕಿತ್ತು. ಜಾಸ್ತಿ ಬೆಳಕಿನ ಬಗ್ಗೆ ಜನ ದೂರು ಕೊಡ್ತಾರೆ, ಯಾಕಂದ್ರೆ ಅದು ಕಣ್ಣಿಗೆ ಚುಚ್ಚುತ್ತೆ. ಇಲ್ಲದ ಬೆಳಕಿನ ಬಗ್ಗೆ ದೂರು ಕೊಡೋರು ಯಾರು? ಮುಂದಿನ ಲೈಟ್‌ಗೆ ಅಭಿಯಾನ ಬಂತು, ಹಿಂದಿನ ಲೈಟ್ ಹಾಗೇ ಉಳೀತು.

ಹೀಗಾಗಿ ಬೈಕ್‌ನ ಹಿಂದಿನ ವೈರಿಂಗ್ ಸರಿ ಇದೆಯೋ ಇಲ್ಲವೋ ಅನ್ನೋದನ್ನು ಈಗ ನಿರ್ಧರಿಸುತ್ತಿರುವುದು ರಸ್ತೆ ಬದಿಯ ಗ್ಯಾರೇಜ್ ಮತ್ತು ಆಕ್ಸೆಸರೀಸ್ ಅಂಗಡಿ. ಅಲ್ಲಿ ಏನಾಗ್ತಿದೆ ಅಂತ ತಿಳಿದುಕೊಳ್ಳುವುದು ಓಡಿಸುವವರಿಗೂ ಅಂಗಡಿಯವರಿಗೂ ಒಳ್ಳೇದು.

ಎಲ್‌ಇಡಿ ಹಾಕಿದ ಮೇಲೆ ಪಟಪಟ ಯಾಕೆ?

ಸಾಮಾನ್ಯ ಬೈಕ್‌ನಲ್ಲಿ ಕಂಪನಿ ಕೊಡುವ ಇಂಡಿಕೇಟರ್ ಬಲ್ಬ್ 12 ವೋಲ್ಟ್, 10 ವ್ಯಾಟ್. ಎಡಗಡೆ ಮುಂದೆ ಒಂದು, ಹಿಂದೆ ಒಂದು, ಸೇರಿ 20 ವ್ಯಾಟ್. ಮಿನುಗಿಸುವ ಕೆಲಸ ಮಾಡೋದು ಫ್ಲ್ಯಾಷರ್ ಅನ್ನೋ ಪುಟ್ಟ ಡಬ್ಬಿ. ಹಳೇ ಮಾದರಿಯ ಎರಡು ಪಿನ್ ಫ್ಲ್ಯಾಷರ್ ತನ್ನ ಮೂಲಕ ಎಷ್ಟು ಕರೆಂಟ್ ಹೋಗ್ತಿದೆ ಅನ್ನೋದರ ಮೇಲೆ ವೇಗ ಹಿಡಿಯುತ್ತೆ. ಎರಡು ಬಲ್ಬ್‌ನಲ್ಲಿ ಒಂದು ಸುಟ್ಟುಹೋದರೆ ಕರೆಂಟ್ ಕಮ್ಮಿಯಾಗಿ ಮಿನುಗುವ ಲಯ ಬದಲಾಗುತ್ತೆ, ಓಡಿಸುವವನಿಗೆ ಎಚ್ಚರಿಕೆ ಸಿಗುತ್ತೆ.

ಈಗ ಆ ಬಲ್ಬ್ ತೆಗೆದು ಎಲ್‌ಇಡಿ ಹಾಕಿದರೆ ಒಂದೊಂದೂ ಹೆಚ್ಚುಕಮ್ಮಿ ಒಂದು ವ್ಯಾಟ್ ತಿನ್ನುತ್ತೆ. ಫ್ಲ್ಯಾಷರ್‌ಗೆ ಬಲ್ಬೇ ಸುಟ್ಟು ಹೋಗಿದೆ ಅನ್ನಿಸುತ್ತೆ, ಅದು ಪಟಪಟ ಶುರು ಮಾಡುತ್ತೆ. ಕೆಲವು ಗಾಡಿಯಲ್ಲಿ ಮಿನುಗದೆ ಸುಮ್ಮನೆ ಹೊತ್ತಿಕೊಂಡು ನಿಲ್ಲುತ್ತೆ. ಎಷ್ಟೋ ಹುಡುಗರು ಈ ಪಟಪಟವನ್ನೇ ಸ್ಟೈಲ್ ಅಂದುಕೊಂಡಿದ್ದಾರೆ. ಅದು ಸ್ಟೈಲ್ ಅಲ್ಲ, ಬಲ್ಬ್ ಹೋಗಿದೆ ಅಂತ ಗಾಡಿ ಹೇಳ್ತಿರೋದು. ಮುಂದೆ ನಿಜವಾಗಿ ಒಂದು ಎಲ್‌ಇಡಿ ಕೆಟ್ಟಾಗ ಆ ಎಚ್ಚರಿಕೆ ಸಿಗೋ ದಾರಿ ಮುಚ್ಚಿರುತ್ತೆ.

ಇದಕ್ಕೆ ಎರಡು ಮದ್ದು ಚಾಲ್ತಿಯಲ್ಲಿವೆ. ಒಂದು, ಎಲ್‌ಇಡಿಗೆಂದೇ ಬರುವ ಫ್ಲ್ಯಾಷರ್ ಹಾಕೋದು. ಇದರಲ್ಲಿ ಸಾಮಾನ್ಯವಾಗಿ ಮೂರನೇ ವೈರ್ ಇರುತ್ತೆ, ಅದನ್ನು ಅರ್ತ್‌ಗೆ ಕೊಡಬೇಕು. ಇನ್ನೊಂದು, ಎಲ್‌ಇಡಿಗೆ ಅಡ್ಡಲಾಗಿ ರೆಸಿಸ್ಟರ್ ಕೂರಿಸಿ ಹಳೇ ಬಲ್ಬ್‌ನಷ್ಟೇ ಕರೆಂಟ್ ಎಳೆಯುವ ಹಾಗೆ ಮಾಡೋದು. ರೆಸಿಸ್ಟರ್ ಆ ಕರೆಂಟನ್ನೆಲ್ಲಾ ಬಿಸಿ ಮಾಡಿ ಬಿಡುತ್ತೆ. ಇಂಡಿಕೇಟರ್ ಆಫ್ ಮಾಡೋದು ಮರೆತು ಹತ್ತು ನಿಮಿಷ ಓಡಿಸಿದರೆ ಮುಟ್ಟಲಾಗದಷ್ಟು ಕಾಯುತ್ತೆ. ಅದನ್ನು ಸೀಟ್ ಕೆಳಗೆ ಪ್ಲಾಸ್ಟಿಕ್‌ಗೆ ಒತ್ತಿ, ಬೇರೆ ವೈರ್‌ಗಳ ಜೊತೆ ಟೇಪ್ ಸುತ್ತಿದರೆ ವೈರ್ ಮೇಲಿನ ಪದರ ಕರಗುತ್ತೆ. ಹಾಗಾಗಿ ಫ್ಲ್ಯಾಷರ್ ಬದಲಿಸೋದೇ ಸರಿಯಾದ ದಾರಿ.

ನಾಲ್ಕೂ ಇಂಡಿಕೇಟರ್ ಒಟ್ಟಿಗೆ ಹೊತ್ತೋದಕ್ಕೆ ಕಾರಣ ಬೇರೆ. ಹಲವು ಬೈಕ್‌ಗಳ ಮೀಟರ್‌ನಲ್ಲಿ ಎಡ ಬಲ ಎರಡಕ್ಕೂ ಸೇರಿ ಒಂದೇ ಹಸಿರು ದೀಪ ಇರುತ್ತೆ. ಆ ಸಣ್ಣ ಬಲ್ಬ್‌ನ ಒಂದು ತುದಿ ಎಡಗಡೆ ವೈರ್‌ಗೆ, ಇನ್ನೊಂದು ಬಲಗಡೆ ವೈರ್‌ಗೆ ಸೇರಿರುತ್ತೆ. ಎಡಕ್ಕೆ ಒತ್ತಿದರೆ ಆ ದೀಪದ ಮೂಲಕ ಸ್ವಲ್ಪ ಕರೆಂಟ್ ಬಲಗಡೆಗೂ ಹೋಗುತ್ತೆ. ಹಳೇ ಬಲ್ಬ್‌ಗೆ ಅಷ್ಟು ಕರೆಂಟ್ ಸಾಲದು, ಅದು ಹೊತ್ತಲ್ಲ. ಎಲ್‌ಇಡಿಗೆ ಅಷ್ಟೇ ಸಾಕು, ಹೊತ್ತಿಕೊಳ್ಳುತ್ತೆ. ಎರಡು ಪುಟ್ಟ ಡಯೋಡ್ ಹಾಕಿ, ಮೀಟರ್ ದೀಪದ ಇನ್ನೊಂದು ತುದಿಯನ್ನು ಅರ್ತ್‌ಗೆ ಕೊಟ್ಟರೆ ಸಮಸ್ಯೆ ಮುಗೀತು. ಇದನ್ನು ಮಾಡದೆ ಹಾಗೇ ಕಳಿಸಿದರೆ ಗಿರಾಕಿ ಎಡಕ್ಕೆ ತಿರುಗ್ತಾನೋ ಬಲಕ್ಕೆ ತಿರುಗ್ತಾನೋ ಅಂತ ಹಿಂದಿನವನಿಗೆ ತಿಳಿಯಲ್ಲ. ಸರ್ವೀಸ್ ರಸ್ತೆಯಿಂದ ಮುಖ್ಯ ರಸ್ತೆಗೆ ಸೇರೋ ಜಾಗದಲ್ಲಿ ಇದು ಜೀವದ ಪ್ರಶ್ನೆ.

ಎಲ್‌ಇಡಿಯೇ ಕೆಟ್ಟದ್ದು ಅಂತ ಇದರ ಅರ್ಥ ಅಲ್ಲ. ಒತ್ತಿದ ಕೂಡಲೇ ಹೊತ್ತೋದರಲ್ಲಿ ಎಲ್‌ಇಡಿ ಸಾಮಾನ್ಯ ಬಲ್ಬ್‌ಗಿಂತ ಸುಮಾರು 0.2 ಸೆಕೆಂಡ್ ಮುಂದೆ. 60 ಕಿ.ಮೀ. ವೇಗದಲ್ಲಿ ಅದು ಮೂರು ಮೀಟರ್‌ಗೂ ಜಾಸ್ತಿ ಅಂತರ. ಕಂಪನಿಯವರೇ ಈಗ ಬ್ರೇಕ್ ಲೈಟ್‌ಗೆ ಎಲ್‌ಇಡಿ ಕೊಡ್ತಿದ್ದಾರೆ. ತಕರಾರು ಇರೋದು ಅರ್ಧಂಬರ್ಧ ಬದಲಾವಣೆ ಬಗ್ಗೆ.

ಬ್ರೇಕ್ ಲೈಟ್ ಕೈಕೊಡೋದು ಎಲ್ಲಿ?

ಬ್ರೇಕ್ ಲೈಟ್‌ಗೆ ಎರಡು ಸ್ವಿಚ್ ಇರ್ತವೆ. ಮುಂದಿನ ಬ್ರೇಕ್ ಲಿವರ್ ಪಕ್ಕ ಒಂದು, ಹಿಂದಿನ ಬ್ರೇಕ್ ಪೆಡಲ್ ಹತ್ತಿರ ಸ್ಪ್ರಿಂಗ್ ಕಟ್ಟಿದ ಇನ್ನೊಂದು. ಎರಡೂ ಬೇರೆ ಬೇರೆ ಕೆಲಸ ಮಾಡ್ತವೆ. ಒಂದು ಕೆಟ್ಟು ಇನ್ನೊಂದು ಸರಿ ಇದ್ದರೆ ಲೈಟ್ ಸರಿ ಇದೆ ಅಂತಲೇ ಅನ್ನಿಸುತ್ತೆ. ಕಾಲಿನ ಬ್ರೇಕ್ ಒತ್ತಿ ನೋಡಿ ಸುಮ್ಮನಾಗುವ ಸವಾರ, ಟ್ರಾಫಿಕ್‌ನಲ್ಲಿ ಬರೀ ಕೈ ಬ್ರೇಕ್ ಹಿಡಿದರೆ ಹಿಂದಿನವನಿಗೆ ಏನೂ ಕಾಣಲ್ಲ. ಆದ್ದರಿಂದ ಎರಡನ್ನೂ ಬೇರೆ ಬೇರೆಯಾಗಿ ಒತ್ತಿ ನೋಡಬೇಕು.

ಪೆಡಲ್ ಹತ್ತಿರದ ಸ್ವಿಚ್ ಮಣ್ಣು ನೀರಿಗೆ ಹತ್ತಿರ. ಸ್ಪ್ರಿಂಗ್ ಸಡಿಲ ಆದರೆ ಪೆಡಲ್ ಪೂರ್ತಿ ತುಳಿದ ಮೇಲೆ ಲೈಟ್ ಬರುತ್ತೆ, ಅಷ್ಟರಲ್ಲಿ ಗಾಡಿ ಅರ್ಧ ನಿಂತಿರುತ್ತೆ. ಸ್ಪ್ರಿಂಗ್ ಬಿಗಿ ಆದರೆ ಅಥವಾ ಸ್ವಿಚ್ ತುಕ್ಕು ಹಿಡಿದು ಸಿಕ್ಕಿಕೊಂಡರೆ ಲೈಟ್ ಯಾವಾಗಲೂ ಉರೀತಾ ಇರುತ್ತೆ. ಸದಾ ಉರಿಯುವ ಬ್ರೇಕ್ ಲೈಟ್, ಉರಿಯದ ಬ್ರೇಕ್ ಲೈಟ್, ಎರಡೂ ಒಂದೇ. ಹೆಚ್ಚಿನ ಗಾಡಿಗಳಲ್ಲಿ ಸ್ವಿಚ್ ಬದಲಿಸೋದೂ ಬೇಡ, ಅದರ ನಟ್ ಸ್ವಲ್ಪ ಮೇಲೆ ಕೆಳಗೆ ತಿರುಗಿಸಿದರೆ ಸರಿಹೋಗುತ್ತೆ.

ಇನ್ನು ಬಲ್ಬ್. ಟೈಲ್ ಮತ್ತು ಬ್ರೇಕ್‌ಗೆ ಸಾಮಾನ್ಯವಾಗಿ ಒಂದೇ ಬಲ್ಬ್, ಒಳಗೆ ಎರಡು ತಂತಿ: ಟೈಲ್‌ಗೆ 5 ವ್ಯಾಟ್, ಬ್ರೇಕ್‌ಗೆ 21 ವ್ಯಾಟ್. ಬಲ್ಬ್ ತಪ್ಪಾಗಿ ಕೂರಬಾರದು ಅಂತಲೇ ಅದರ ಎರಡು ಮೊಳೆಗಳನ್ನು ಮೇಲೆ ಕೆಳಗೆ ಇಟ್ಟಿರುತ್ತಾರೆ. ಅವಸರದಲ್ಲಿ ತಿರುಗುಮುರುಗು ಒತ್ತಿ ಕೂರಿಸಿದರೆ ಟೈಲ್ ಲೈಟ್ ಪ್ರಖರವಾಗಿ, ಬ್ರೇಕ್ ಲೈಟ್ ಮಂದವಾಗಿ ಬರುತ್ತೆ. ಬ್ರೇಕ್ ಒತ್ತಿದರೆ ಹೊರಗಿನವರಿಗೆ ವ್ಯತ್ಯಾಸವೇ ಕಾಣಲ್ಲ. 2017ರ ಏಪ್ರಿಲ್‌ನಿಂದ ಹೊಸ ದ್ವಿಚಕ್ರ ವಾಹನಗಳಲ್ಲಿ ಹೆಡ್‌ಲೈಟ್ ಹಗಲಲ್ಲೂ ಉರೀತಿರುತ್ತೆ, ಹೆಚ್ಚಿನವುಗಳಲ್ಲಿ ಜೊತೆಗೆ ಟೈಲ್ ಲೈಟೂ ಉರಿಯುತ್ತೆ. ಅಂದರೆ ಈಗ ಹಗಲು ಹೊತ್ತಿನಲ್ಲೂ ಟೈಲ್‌ಗೂ ಬ್ರೇಕ್‌ಗೂ ಇರುವ ಬೆಳಕಿನ ವ್ಯತ್ಯಾಸವೇ ಸಂದೇಶ. ಹಿಂದಿನ ಗಾಜಿಗೆ ಕಪ್ಪು ಫಿಲ್ಮ್ ಅಂಟಿಸಿದರೆ, ಸ್ಪ್ರೇ ಹೊಡೆದರೆ, ಡೆಲಿವರಿ ಚೀಲ ಲೈಟ್ ಮೇಲೆ ಜೋತುಬಿದ್ದರೆ ಆ ವ್ಯತ್ಯಾಸ ಹೋಗಿಬಿಡುತ್ತೆ.

ಹಳೇ 100 ಸಿಸಿ ಬೈಕ್‌ಗಳಿಗೆ ಇನ್ನೊಂದು ಮಾತು. ಅವುಗಳಲ್ಲಿ ಹಲವಕ್ಕೆ ಹೆಡ್‌ಲೈಟ್, ಟೈಲ್ ಲೈಟ್ ನೇರ ಎಂಜಿನ್ ಕಾಯಿಲ್‌ನ ಎ.ಸಿ. ಕರೆಂಟ್‌ನಿಂದ, ಬ್ರೇಕ್ ಮತ್ತು ಇಂಡಿಕೇಟರ್ ಬ್ಯಾಟರಿಯ ಡಿ.ಸಿ. ಕರೆಂಟ್‌ನಿಂದ. ಇದು ಗೊತ್ತಿಲ್ಲದೆ ಎಲ್‌ಇಡಿ ಟೈಲ್ ಲೈಟ್ ಹಾಕಿದರೆ ಗಾಡಿ ನಿಧಾನಿಸಿದಾಗ ನಡುಗುತ್ತೆ, ಬೇಗ ಸುಟ್ಟೂ ಹೋಗುತ್ತೆ. ಇಂಡಿಕೇಟರ್ ನಿಧಾನ ಆಯಿತು, ಬ್ರೇಕ್ ಲೈಟ್ ಮಂಕಾಯಿತು ಅಂದರೆ ಬಲ್ಬ್ ಬದಲಿಸೋ ಮುಂಚೆ ಬ್ಯಾಟರಿ ನೋಡಬೇಕು.

ಟೇಪ್ ಸುತ್ತಿದ ಜಾಯಿಂಟ್

ವೈರಿಂಗ್ ದೂರುಗಳಲ್ಲಿ ದೊಡ್ಡ ಪಾಲು ಬಲ್ಬ್‌ದೂ ಅಲ್ಲ ಸ್ವಿಚ್‌ದೂ ಅಲ್ಲ, ಜಾಯಿಂಟ್‌ದು. ಹಿಂದಿನ ಲೈಟ್‌ಗಳಿಗೆ ಹೋಗುವ ವೈರ್ ಕಟ್ಟು ಮಡ್‌ಗಾರ್ಡ್ ಒಳಮೈಗೆ ಅಂಟಿಕೊಂಡೇ ಹೋಗುತ್ತೆ. ಚಕ್ರ ಎರಚುವ ಕೆಸರು, ವಾಟರ್ ಸರ್ವೀಸ್‌ನ ಪ್ರೆಷರ್ ನೀರು, ಗುಂಡಿಗಳ ಕುಲುಕಾಟ ಎಲ್ಲವನ್ನೂ ಅದೇ ತಡೀಬೇಕು. ಅಲ್ಲಿ ವೈರ್ ತಿರುಚಿ ಟೇಪ್ ಸುತ್ತಿದರೆ ಬಿಸಿಲಿಗೆ ಟೇಪ್‌ನ ಅಂಟು ಕರಗಿ ಬಿಚ್ಚಿಕೊಳ್ಳುತ್ತೆ, ನೀರು ಒಳಗೆ ಹೋಗಿ ತಾಮ್ರ ಹಸಿರು ಬಣ್ಣಕ್ಕೆ ತಿರುಗುತ್ತೆ. ಲೈಟ್ ಒಮ್ಮೆ ಬರುತ್ತೆ, ಒಮ್ಮೆ ಬರಲ್ಲ.

ಮೊದಲು ಕೆಡೋದು ಅರ್ತ್ ವೈರ್. ಹೋಂಡಾ ಕುಟುಂಬದ ಬೈಕ್‌ಗಳಲ್ಲಿ ಅದು ಹಸಿರು ಬಣ್ಣದ್ದು, ಮನೆ ವೈರಿಂಗ್‌ನಲ್ಲಿ ಇರೋ ಹಾಗೇ. ಬೇರೆ ಕಂಪನಿಗಳಲ್ಲಿ ಬಣ್ಣ ಬೇರೆ, ಹಾಗಾಗಿ ಬಣ್ಣ ನಂಬಿ ಕತ್ತರಿಸಬಾರದು. ಟೆಸ್ಟ್ ಲ್ಯಾಂಪ್ ಹಿಡಿದು ನೋಡಿಯೇ ಮುಟ್ಟಬೇಕು. ಅರ್ತ್ ಸರಿ ಇಲ್ಲದಿದ್ದರೆ ಕರೆಂಟ್ ಪಕ್ಕದ ಬಲ್ಬ್ ಮೂಲಕ ದಾರಿ ಹುಡುಕುತ್ತೆ. ಬ್ರೇಕ್ ಒತ್ತಿದರೆ ಟೈಲ್ ಲೈಟ್ ಆರಿಹೋಗೋದು, ಇಂಡಿಕೇಟರ್ ಹಾಕಿದರೆ ಬ್ರೇಕ್ ಲೈಟೂ ಮಿನುಗೋದು, ಇಂಥ ವಿಚಿತ್ರ ಆಟಗಳೆಲ್ಲಾ ಹೆಚ್ಚಾಗಿ ಅರ್ತ್ ಕಡೆಯಿಂದಲೇ. ಇದಕ್ಕೆ ಬಲ್ಬ್ ಮೇಲೆ ಬಲ್ಬ್ ಬದಲಿಸಿ ದುಡ್ಡು ಕಳ್ಕೊಳ್ಳುವವರಿದ್ದಾರೆ.

ಬರಿದಾದ ವೈರ್ ಚಾಸಿಗೆ ತಾಗಿದರೆ ಫ್ಯೂಸ್ ಹೋಗುತ್ತೆ. ಫ್ಯೂಸ್ ಹೋದರೆ ಕೆಲವು ಗಾಡಿಯಲ್ಲಿ ಹಾರ್ನ್, ಇಂಡಿಕೇಟರ್, ಬ್ರೇಕ್ ಲೈಟ್ ಎಲ್ಲಾ ಒಟ್ಟಿಗೆ ನಿಲ್ಲುತ್ತೆ. ಆಗ ಫ್ಯೂಸ್ ಜಾಗಕ್ಕೆ ವೈರ್ ತುಂಡು ಸುತ್ತಿ ಕಳಿಸೋ ಅಭ್ಯಾಸ ಇದೆಯಲ್ಲ, ಅದು ಎಲ್ಲಕ್ಕಿಂತ ಅಪಾಯ. ಮುಂದಿನ ಸಲ ಶಾರ್ಟ್ ಆದಾಗ ಕರಗೋದು ಫ್ಯೂಸ್ ಅಲ್ಲ, ಪೆಟ್ರೋಲ್ ಟ್ಯಾಂಕ್ ಕೆಳಗಿನ ವೈರ್ ಕಟ್ಟು. 2020ರ ನಂತರದ ಬಿಎಸ್-6 ಬೈಕ್‌ಗಳಲ್ಲಿ ಪೆಟ್ರೋಲ್ ಹರಿವನ್ನೇ ಕಂಪ್ಯೂಟರ್ ನೋಡಿಕೊಳ್ಳುತ್ತೆ. ಅಲ್ಲಿ ಎಲ್ಲೆಂದರಲ್ಲಿ ವೈರ್ ಕತ್ತರಿಸಿದರೆ ಲೈಟ್ ಕೆಲಸ ಎಂಜಿನ್ ಕೆಲಸವಾಗಿ ಬೆಳೆಯುತ್ತೆ, ವಾರಂಟಿಗೂ ತೊಡಕು.

ಸರಿಯಾದ ಜಾಯಿಂಟ್‌ಗೆ ಬೇಕಾದ್ದು ದೊಡ್ಡ ಸಾಮಾನೇನಲ್ಲ: ಬೆಸುಗೆ, ಮೇಲೆ ಬಿಸಿ ಮಾಡಿದರೆ ಬಿಗಿಯಾಗುವ ಹೀಟ್ ಶ್ರಿಂಕ್ ಸ್ಲೀವ್. ಅದಕ್ಕಿಂತ ಒಳ್ಳೇದು, ವೈರ್ ಕತ್ತರಿಸದೆ ಕಂಪನಿ ಸಾಕೆಟ್‌ಗೆ ಸೇರುವ ಕಪ್ಲರ್ ಬಳಸೋದು. ನಾಳೆ ಬೇಡ ಅನ್ನಿಸಿದರೆ ಕಿತ್ತು ಹಳೇದನ್ನೇ ಹಾಕಬಹುದು.

ಕಾನೂನು ಏನು ಹೇಳುತ್ತೆ?

1989ರ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ 102ನೇ ನಿಯಮ ಈ ಎರಡು ದೀಪಗಳ ಬಗ್ಗೆಯೇ ಇದೆ. ಇಂಡಿಕೇಟರ್ ಹಳದಿ ಮಿಶ್ರಿತ ಕಿತ್ತಳೆ ಬಣ್ಣದ್ದೇ ಇರಬೇಕು. ನಿಮಿಷಕ್ಕೆ 60ಕ್ಕಿಂತ ಕಮ್ಮಿ ಇಲ್ಲದೆ, 120 ದಾಟದೆ ಮಿನುಗಬೇಕು. ಮುಂದಿನಿಂದಲೂ ಹಿಂದಿನಿಂದಲೂ ಸ್ಪಷ್ಟವಾಗಿ ಕಾಣಬೇಕು. ಬ್ರೇಕ್ ಲೈಟ್ ಕೆಂಪಗಿರಬೇಕು, ಬ್ರೇಕ್ ಹಿಡಿದಾಗ ಹೊತ್ತಬೇಕು. ಟೈಲ್ ಲೈಟ್ 75 ಮೀಟರ್ ದೂರಕ್ಕೆ ಕಾಣಬೇಕು, ನಂಬರ್ ಪ್ಲೇಟ್ 15 ಮೀಟರ್‌ನಿಂದ ಓದುವಷ್ಟು ಬೆಳಕು ಬೀಳಬೇಕು ಅಂತ 105ನೇ ನಿಯಮ ಹೇಳುತ್ತದೆ. ನೀಲಿ, ಬಿಳಿ, ಬಣ್ಣ ಬದಲಿಸೋ ಇಂಡಿಕೇಟರ್ ಮತ್ತು ಪಟಪಟ ಹೊಡೆಯೋ ಫ್ಲ್ಯಾಷರ್ ಈ ಅಳತೆಗೆ ಬರಲ್ಲ. ಹಬ್ಬದ ಸೀರಿಯಲ್ ಸೆಟ್ ಥರ ಕುಣಿಯೋ ಬ್ರೇಕ್ ಲೈಟ್ ಹಿಂದಿನವನಿಗೆ ಗೊಂದಲವನ್ನಷ್ಟೇ ಕೊಡುತ್ತೆ.

1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ಕಂಪನಿ ಕೊಟ್ಟ ಮೂಲ ವಿವರಕ್ಕೆ ವಿರುದ್ಧವಾಗಿ ಗಾಡಿ ಬದಲಿಸುವಂತಿಲ್ಲ. ಕೇರಳದ ಪ್ರಕರಣವೊಂದರಲ್ಲಿ 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಎತ್ತಿ ಹಿಡಿಯಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಬಂದ 182ಎ ಕಲಂ ಪ್ರಕಾರ ಅಕ್ರಮವಾಗಿ ಗಾಡಿ ಮಾರ್ಪಡಿಸಿದ ಮಾಲೀಕನಿಗೆ ಆರು ತಿಂಗಳವರೆಗೆ ಜೈಲು, ಅಥವಾ ಒಂದೊಂದು ಬದಲಾವಣೆಗೂ 5,000 ರೂಪಾಯಿ ದಂಡ, ಅಥವಾ ಎರಡೂ. ಅದೇ ಕಲಂನಲ್ಲಿ ಅಂಗಡಿಯವರಿಗೂ ಒಂದು ಮಾತಿದೆ. ಸುರಕ್ಷತೆಗೆ ಅತಿ ಮುಖ್ಯ ಅಂತ ಕೇಂದ್ರ ಸರ್ಕಾರ ಅಧಿಸೂಚಿಸಿದ ಬಿಡಿಭಾಗವನ್ನು ನಿಯಮಕ್ಕೆ ತಕ್ಕಂತೆ ಇಲ್ಲದಿದ್ದರೂ ಮಾರಿದರೆ ಒಂದು ವರ್ಷದವರೆಗೆ ಜೈಲು, ಅಥವಾ ಒಂದೊಂದು ಭಾಗಕ್ಕೂ ಒಂದು ಲಕ್ಷ ರೂಪಾಯಿ ದಂಡ, ಅಥವಾ ಎರಡೂ.

ಸುಟ್ಟ ಬಲ್ಬ್ ತೆಗೆದು ಅದೇ ಅಳತೆಯ ಬಲ್ಬ್ ಹಾಕೋದು, ಹರಿದ ವೈರ್ ಬೆಸೆಯೋದು ರಿಪೇರಿ. ಅದಕ್ಕೆ ಯಾರ ಅಡ್ಡಿಯೂ ಇಲ್ಲ. ಲೈಟ್‌ನ ಬಣ್ಣ, ಜಾಗ, ವರ್ತನೆ ಬದಲಾದಾಗ ಕಾನೂನಿನ ಪ್ರಶ್ನೆ ಬರುತ್ತೆ. ಅಪಘಾತವಾದ ಮೇಲೆ ವಿಮೆಯ ಸರ್ವೇಯರ್ ಗಾಡಿ ನೋಡೋಕೆ ಬಂದಾಗಲೂ, ತಿಳಿಸದೆ ಮಾಡಿಸಿದ ಬದಲಾವಣೆ ತಕರಾರಿಗೆ ದಾರಿ ಆಗಬಹುದು.

ಅಂಗಡಿಯವರ ಕಡೆಯ ಮಾತು

ಎಲ್ಲಾ ತಪ್ಪನ್ನೂ ಗ್ಯಾರೇಜ್‌ನವರ ತಲೆಗೆ ಕಟ್ಟೋದು ಸರಿಯಲ್ಲ. ಗಿರಾಕಿ ಜೆ.ಸಿ. ರಸ್ತೆಯಿಂದಲೋ ಆನ್‌ಲೈನ್‌ನಿಂದಲೋ ಅಗ್ಗದ ಎಲ್‌ಇಡಿ ತಂದು "ಬೇಗ ಹಾಕ್ಕೊಡಿ ಅಣ್ಣ, ಡ್ಯೂಟಿಗೆ ಲೇಟಾಯ್ತು" ಅಂತಾನೆ. ಫ್ಲ್ಯಾಷರ್ ಬೇರೆ ಹಾಕಬೇಕು ಅಂದರೆ ದುಡ್ಡು ಕೀಳೋಕೆ ಹೇಳ್ತಿದ್ದಾರೆ ಅಂದುಕೊಳ್ತಾನೆ. ಬೆಸುಗೆ ಹಾಕಿ, ಸ್ಲೀವ್ ತೊಡಿಸಿ, ಪರೀಕ್ಷೆ ಮಾಡಿ ಕೊಡೋಕೆ ಮುಕ್ಕಾಲು ಗಂಟೆ ಬೇಕು. ತಿರುಚಿ ಟೇಪ್ ಸುತ್ತೋಕೆ ಹತ್ತು ನಿಮಿಷ. ಪಕ್ಕದ ಅಂಗಡಿಯವನು ಹತ್ತು ನಿಮಿಷದ ರೇಟಿಗೆ ಮಾಡಿಕೊಡ್ತಾನೆ ಅಂದರೆ ಮುಕ್ಕಾಲು ಗಂಟೆಯವನ ಹತ್ತಿರ ಯಾರು ಬರ್ತಾರೆ?

ಆದರೆ ಈ ಲೆಕ್ಕ ಅರ್ಧದ್ದು. ಟೇಪ್ ಜಾಯಿಂಟ್ ಹಾಕಿಸಿಕೊಂಡವನು ಮಳೆಗಾಲದಲ್ಲಿ ವಾಪಸ್ ಬಂದೇ ಬರ್ತಾನೆ, ಆಗ ಕೂಲಿ ಕೊಡದೆ ಜಗಳ ಮಾಡ್ತಾನೆ. ದುಡ್ಡು ತಗೊಂಡು ಮಾಡಿದ ಕೆಲಸದ ಲೋಪಕ್ಕೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಜಿಲ್ಲಾ ಗ್ರಾಹಕ ಆಯೋಗಕ್ಕೂ ಹೋಗಬಹುದು. ಐದು ಲಕ್ಷ ರೂಪಾಯಿವರೆಗಿನ ದೂರಿಗೆ ಶುಲ್ಕವೂ ಇಲ್ಲ. ಏನು ಹಾಕಿದೆ, ಏನು ಪರೀಕ್ಷಿಸಿದೆ ಅಂತ ಬಿಲ್‌ನಲ್ಲಿ ಎರಡು ಸಾಲು ಬರೆದುಕೊಡೋ ಅಂಗಡಿಯವನಿಗೆ ಇದರಿಂದ ರಕ್ಷಣೆ. ನಿಯಮಕ್ಕೆ ಬಾರದ ಕೆಲಸಕ್ಕೆ ಗಿರಾಕಿ ಒತ್ತಾಯ ಮಾಡಿದರೆ "ಆಗಲ್ಲ" ಅನ್ನೋಕೂ ಅದೇ ಕಾರಣ.

ಎರಡು ನಿಮಿಷದ ಕೆಲಸ

15 ವರ್ಷದವರೆಗೆ ಸರ್ಕಾರ ನೋಡಲ್ಲ, ಕ್ಯಾಮೆರಾ ನೋಡಲ್ಲ ಅಂದ ಮೇಲೆ ನೋಡೋಕೆ ಸಾಧ್ಯ ಇರೋ ಜಾಗಗಳು ಮೂರು.

ಮೊದಲನೆಯದು ಕಾರ್ಖಾನೆ ಗೇಟ್. ಪೀಣ್ಯ, ಬೊಮ್ಮಸಂದ್ರ, ಜಿಗಣಿ, ಅತ್ತಿಬೆಲೆಯ ಎಷ್ಟೋ ಘಟಕಗಳಲ್ಲಿ ಪಾಳಿ ಬಿಟ್ಟಾಗ ಸೆಕ್ಯೂರಿಟಿಯವರು ಬ್ಯಾಗ್ ತಪಾಸಣೆ ಮಾಡ್ತಾರೆ. ಅಲ್ಲೇ ತಿಂಗಳಿಗೊಮ್ಮೆ ಬೈಕ್ ನಿಲ್ಲಿಸಿ "ಬ್ರೇಕ್ ಒತ್ತಿ, ಎಡ, ಬಲ" ಅಂತ ನೋಡಿದರೆ ಒಂದು ಗಾಡಿಗೆ ಅರ್ಧ ನಿಮಿಷ ಸಾಕು. ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿಯ ಟೆಕ್ ಪಾರ್ಕ್‌ಗಳಲ್ಲಿ ಹೆಲ್ಮೆಟ್ ಇಲ್ಲದವರನ್ನು ಗೇಟಲ್ಲೇ ತಡೆಯೋ ಹಾಗೆ ಇದನ್ನೂ ಸೇರಿಸಬಹುದು. ಕಾರ್ಮಿಕ ರಾತ್ರಿ ಮನೆ ಸೇರದಿದ್ದರೆ ನಷ್ಟ ಮನೆಯವರಿಗೆ ಮಾತ್ರ ಅಲ್ಲ, ಕಾರ್ಖಾನೆಗೂ ಹೌದು.

ಎರಡನೆಯದು ಎಮಿಷನ್ ಕೇಂದ್ರ ಮತ್ತು ಪೆಟ್ರೋಲ್ ಬಂಕ್. ಗಾಡಿ ಅಲ್ಲಿ ಹೇಗೂ ನಿಂತೇ ಇರುತ್ತೆ. ಹೊಗೆ ನೋಡುವಾಗ ಲೈಟೂ ನೋಡಿ ಹೇಳಬೇಕು ಅನ್ನೋ ಒಂದು ಸಾಲಿನ ಸೂಚನೆಯನ್ನು ಸಾರಿಗೆ ಇಲಾಖೆ ಕೊಟ್ಟರೆ ಹೊಸ ಯಂತ್ರವೂ ಬೇಡ, ಹೊಸ ಶುಲ್ಕವೂ ಬೇಡ. ದಂಡ ಹಾಕೋದೂ ಬೇಡ, ಬಾಯಲ್ಲಿ ಹೇಳಿದರೆ ಸಾಕು.

ಮೂರನೆಯದು ಮನೆ ಮುಂದಿನ ಗೋಡೆ. ಸಂಜೆ ಗಾಡಿಯ ಹಿಂಭಾಗ ಗೋಡೆಗೆ ಬರುವಂತೆ ನಿಲ್ಲಿಸಿ, ಕೀ ಹಾಕಿ. ಕೈ ಬ್ರೇಕ್ ಮಾತ್ರ ಒತ್ತಿ, ಗೋಡೆ ಮೇಲೆ ಕೆಂಪು ಜಾಸ್ತಿಯಾಗಬೇಕು, ಬಿಟ್ಟರೆ ಕಮ್ಮಿಯಾಗಬೇಕು. ಕಾಲಿನ ಬ್ರೇಕ್ ಮಾತ್ರ ಒತ್ತಿ, ಹಾಗೇ ಆಗಬೇಕು. ಗೇರ್ ಇಲ್ಲದ ಸ್ಕೂಟರ್ ಆದರೆ ಎಡಗೈ, ಬಲಗೈ ಲಿವರ್ ಬೇರೆ ಬೇರೆ ಒತ್ತಿ. ಆಮೇಲೆ ಎಡ ಇಂಡಿಕೇಟರ್ ಹಾಕಿ, ಗಡಿಯಾರ ನೋಡ್ತಾ ಹತ್ತು ಸೆಕೆಂಡ್ ಎಣಿಸಿ. ಹತ್ತರಿಂದ ಇಪ್ಪತ್ತು ಸಲ ಮಿನುಗಿದರೆ ಸರಿ. ಅದಕ್ಕಿಂತ ಜಾಸ್ತಿಯಾದರೆ ಬಲ್ಬ್ ಹೋಗಿರಬೇಕು ಇಲ್ಲವೇ ಫ್ಲ್ಯಾಷರ್ ಹೊಂದಿಕೆಯಾಗಿಲ್ಲ; ಕಮ್ಮಿಯಾದರೆ ಮೊದಲು ಬ್ಯಾಟರಿ ನೋಡಿ. ಬಲಕ್ಕೂ ಹೀಗೇ.

ಟೈಲ್ ಬಲ್ಬ್ ಒಂದಕ್ಕೆ ಒಂದು ಮಸಾಲೆ ದೋಸೆಯಷ್ಟೂ ದುಡ್ಡಾಗಲ್ಲ. ಸ್ವಿಚ್‌ನ ನಟ್ ತಿರುಗಿಸೋಕೆ ದುಡ್ಡೇ ಬೇಡ. ಇವತ್ತು ರಾತ್ರಿ ಪಾಳಿ ಮುಗಿಸಿ ತುಮಕೂರು ರಸ್ತೆಗೋ ಹೊಸೂರು ರಸ್ತೆಗೋ ಇಳಿಯೋ ಮುಂಚೆ, ಪಕ್ಕದಲ್ಲಿ ಗಾಡಿ ತೆಗೀತಿರೋ ಜೊತೆಗಾರನಿಗೆ "ಸ್ವಲ್ಪ ಹಿಂದೆ ನೋಡಪ್ಪ" ಅಂದರೆ ಸಾಕು. ಅವನದ್ದನ್ನೂ ಒಮ್ಮೆ ನೋಡಿಬಿಡಿ.